ಪಾದ್ರಿಯ ರಾಯಭಾರ

ಬೆಂಗಳೂರಿನ ಹನುಮಂತನಗರದಲ್ಲಿ ರಾಮಾಂಜನೇಯ ಗುಡ್ಡವೆಂಬುದೊಂದುಂಟು. ಅದನ್ನು ಹತ್ತಿದವರು ಶ್ರೀರಾಮನು ಹನುಮಂತನನ್ನು ಆಲಿಂಗಿಸಿಕೊಂಡಿರುವ ದೊಡ್ಡ ಮೂರ್ತಿಯನ್ನು ಅಲ್ಲಿ ಕಂಡಿರುತ್ತಾರೆ. ಹನುಮಂತನೆಂದೊಡನೆ ನಮ್ಮ ನೆನಪಿಗೆ ಬರುವುದು ಬಲ. ಕಡಲನ್ನು ದಾಟಿದುದು, ಲಂಕೆಯನ್ನು ಸುಟ್ಟುದು, ಬೆಟ್ಟವನ್ನು ಹೊತ್ತು ತಂದುದು, ಇವೇ ಮಕ್ಕಳಿಗೂ ತಿಳಿದ ಕಥೆಗಳು. ಆದರೆ ವಾಲ್ಮೀಕಿಯು ಕಿಷ್ಕಿಂಧಾಕಾಂಡದಲ್ಲಿ ಈತನನ್ನು ರಾಮನ ಮುಂದೆ ಮೊದಲ ಸಾರಿ ತಂದು ನಿಲ್ಲಿಸುವಾಗ ಬಲದ ಮಾತನ್ನು ಎತ್ತುವುದೇ ಇಲ್ಲ. ರಾಮನು ಮೆಚ್ಚುವುದು ಈತನ ನುಡಿಯನ್ನು. ಅದರಲ್ಲಿ ಅಪಶಬ್ದವಿಲ್ಲ, ಅದು ಅತಿಯಾಗಿ ಬೆಳೆಯುವುದಿಲ್ಲ, ತಡವರಿಸುವುದಿಲ್ಲ, ಆಡುವಾಗ ಮುಖದಲ್ಲಿ ವಿಕಾರವಿಲ್ಲ. ಕತ್ತಿಯನ್ನು ಹಿರಿದು ನಿಂತ ಹಗೆಯ ಮನಸ್ಸನ್ನು ಕೂಡ ಇಂಥ ಮಾತು ಒಲಿಸಿಕೊಳ್ಳಬಲ್ಲುದೆಂದು ರಾಮನು ತಮ್ಮನಿಗೆ ಹೇಳುತ್ತಾನೆ. ಬಾಹುಬಲದ ಕಥೆಗಳೆಲ್ಲ ಆಮೇಲಿನವು.

ನಮ್ಮ ಹಿರಿಯರು ದೂತನ ಪದವಿಗೆ ಎಷ್ಟು ಗೌರವವನ್ನು ಕೊಟ್ಟಿದ್ದರೆಂಬುದಕ್ಕೆ ಇದೊಂದು ನಿದರ್ಶನ. ಇದೇ ಹನುಮಂತನು ರಾವಣನ ಸಭೆಯಲ್ಲಿ ನಿಂತು ಹಿತವನ್ನು ಹೇಳಿದನು. ಬಳಿಕ ಅಂಗದನು ಹೇಳಿದನು. ಭಾರತದ ಕಾಲಕ್ಕೆ ಬಂದರೆ ಸಾಕ್ಷಾತ್ ಶ್ರೀಕೃಷ್ಣನೇ ಕೌರವರ ಸಭೆಗೆ ಸಂಧಿಗಾಗಿ ಹೋದನು. ಮೂವರ ಮಾತೂ ಫಲಿಸಲಿಲ್ಲ. ಮೂರು ಸಲವೂ ಯುದ್ಧವೇ ಆಯಿತು. ಹೀಗಿದ್ದರೂ ಉದ್ಯೋಗಪರ್ವದ ಆ ಭಾಗವನ್ನು ನಾವು ಬಿಟ್ಟು ಓದುವುದಿಲ್ಲ. ಫಲಿಸದೆ ಹೋದ ಸಂಧಿಯ ಮಾತಿನಲ್ಲಿ ಉಳಿಯತಕ್ಕದ್ದು ಏನೋ ಇದ್ದಿರಬೇಕು. ಅದೇನೆಂಬುದನ್ನು ಪುರಾಣದಿಂದಲ್ಲ, ನಮ್ಮ ನಾಡಿನ ಚರಿತ್ರೆಯಿಂದಲೇ ವಿಚಾರಮಾಡಬೇಕೆಂಬುದು ಈ ಭಾಷಣದ ಉದ್ದೇಶ. ಅದಕ್ಕಾಗಿ ಕೇಳುಗರನ್ನು ೧೭೭೯ನೆಯ ಇಸವಿಯ ಶ್ರೀರಂಗಪಟ್ಟಣಕ್ಕೆ ಕರೆದೊಯ್ಯಬೇಕಾಗಿದೆ. ಅಲ್ಲಿಗೆ ಆ ವರ್ಷ ಬಂದ ದೂತನು ಸೇನಾಪತಿಯಲ್ಲ, ಮಂತ್ರಿಯಲ್ಲ. ಒಬ್ಬ ಕ್ರೈಸ್ತ ಪಾದ್ರಿ.

ಆಗಿನ ರಾಜಕೀಯ ಸ್ಥಿತಿಯನ್ನು ಎರಡು ಮಾತಿನಲ್ಲಿ ಜ್ಞಾಪಿಸಿಕೊಳ್ಳೋಣ. ಮೈಸೂರಿನ ಸಿಂಹಾಸನದ ಮೇಲೆ ಒಡೆಯರಿದ್ದರೂ ರಾಜ್ಯದ ಆಡಳಿತವೆಲ್ಲ ನವಾಬ ಹೈದರಾಲಿಯ ಕೈಯಲ್ಲಿತ್ತು. ಮದರಾಸಿನಲ್ಲಿ ಇಂಗ್ಲಿಷರ ಕುಂಪಣಿ. ಅದರ ಆಶ್ರಯದಲ್ಲಿ ಆರ್ಕಾಟಿನ ನವಾಬ ಮಹಮ್ಮದಾಲಿ. ೧೭೬೭ರಿಂದ ೧೭೬೯ರವರೆಗೆ ಹೈದರನಿಗೂ ಕುಂಪಣಿಗೂ ಯುದ್ಧ ನಡೆದು, ಕೊನೆಗೆ ಹೈದರನು ಮದರಾಸಿನ ಬಾಗಿಲಿಗೇ ಹೋಗಿ ನಿಂತು ಸಂಧಿಯನ್ನು ಮಾಡಿಸಿಕೊಂಡಿದ್ದನು. ಒಬ್ಬರ ಮೇಲೆ ಮೂರನೆಯವರು ಬಿದ್ದರೆ ಇನ್ನೊಬ್ಬರು ನೆರವಾಗತಕ್ಕದ್ದೆಂಬುದು ಆ ಸಂಧಿಯ ಮುಖ್ಯವಾದ ಕರಾರು. ಮುಂದಿನ ವರ್ಷವೇ ಮರಾಠರು ಮೈಸೂರಿನ ಮೇಲೆ ಏರಿಬಂದರು. ಹೈದರನು ಕರಾರಿನಂತೆ ನೆರವನ್ನು ಕೇಳಿದನು, ಮದರಾಸಿನವರು ಬರಲಿಲ್ಲ. ಈ ಮುಳ್ಳು ಅವನ ಮನಸ್ಸಿನಲ್ಲಿ ಕೊನೆಯವರೆಗೂ ಮುರಿದುಕೊಂಡೇ ಇತ್ತು. ಇದರ ಮೇಲೆ ೧೭೭೯ರ ಮಾರ್ಚಿಯಲ್ಲಿ ಇಂಗ್ಲಿಷರು ಮಲೆಯಾಳದ ಕರಾವಳಿಯಲ್ಲಿದ್ದ ಫ್ರೆಂಚರ ಮಾಹೆಯನ್ನು ಹಿಡಿದುಕೊಂಡರು. ಹೈದರನಿಗೆ ಮದ್ದುಗುಂಡುಗಳು ಬರುತ್ತಿದ್ದ ರೇವು ಅದು. ಮಾಹೆಯು ತನ್ನ ಆಶ್ರಯದಲ್ಲಿದೆಯೆಂದು ಅವನು ಮೊದಲೇ ತಿಳಿಸಿದ್ದರೂ ಅದನ್ನು ಯಾರೂ ಲಕ್ಷಿಸಲಿಲ್ಲ.

ಹೈದರನು ಮುಂದೇನು ಮಾಡುವನೆಂಬ ಭಯ ಮದರಾಸಿಗೆ ಹತ್ತಿತು. ಅಲ್ಲಿನ ಗವರ್ನರನಾಗಿದ್ದ ಸರ್ ಥಾಮಸ್ ರಂಬೋಲ್ಡನು ಒಬ್ಬ ದೂತನನ್ನು ಗೋಪ್ಯವಾಗಿ ಕಳುಹಿಸಬೇಕೆಂದು ಯೋಚಿಸಿದನು. ಕುಂಪಣಿಯ ಅಧಿಕಾರಿಗಳ ಮಾತನ್ನು ಹೈದರನು ನಂಬುವಂತಿರಲಿಲ್ಲ. ಬೇರೆಯವರು ಬೇಡ, ಆ ಕ್ರೈಸ್ತ ಪಾದ್ರಿಯನ್ನು ಕಳುಹಿಸಿರಿ, ಆತನು ನನಗೆ ಮೋಸಮಾಡುವವನಲ್ಲ ಎಂಬರ್ಥದ ಮಾತನ್ನು ಹೈದರನು ಆಡಿದನೆಂದು ಪಾದ್ರಿಯ ಜೀವನಚರಿತ್ರೆಗಳಲ್ಲಿ ಹೇಳಿದೆ. ಮಾತು ಹಾಗೆಯೇ ಹೊರಟಿತೋ ಇಲ್ಲವೋ, ಅದರ ತಾತ್ಪರ್ಯವನ್ನು ಮುಂದಿನ ಸಂಗತಿಗಳು ಸಮರ್ಥಿಸುತ್ತವೆ.

ಆ ಪಾದ್ರಿಯ ಹೆಸರು ಕ್ರಿಶ್ಚಿಯನ್ ಫ್ರೆಡರಿಕ್ ಷ್ವಾರ್ಟ್ಸ್. ಅವರು ಇಂಗ್ಲಿಷರಲ್ಲ, ಜರ್ಮನರು. ಪ್ರಷ್ಯದ ಸೊನ್ನೆನ್‌ಬುರ್ಗ್ ಎಂಬ ಊರಿನಲ್ಲಿ ೧೭೨೬ರಲ್ಲಿ ಹುಟ್ಟಿದರು. ಹಾಲೆ ನಗರದಲ್ಲಿ ಓದುವಾಗಲೇ ತಮಿಳಿಗೆ ಕೈಹಾಕಿದರು. ೧೭೫೦ರಲ್ಲಿ ಡೇನರ ವಶದಲ್ಲಿದ್ದ ತರಂಗಂಬಾಡಿಗೆ ಬಂದರು. ಅನಂತರ ತಿರುಚಿನಾಪಳ್ಳಿಯಲ್ಲಿಯೂ ತಂಜಾವೂರಿನಲ್ಲಿಯೂ ಇದ್ದು, ನಲವತ್ತೆಂಟು ವರ್ಷಗಳನ್ನು ಈ ದೇಶದಲ್ಲಿಯೇ ಕಳೆದು, ತಾಯ್ನಾಡನ್ನು ಮತ್ತೆ ನೋಡದೆ ತೀರಿಕೊಂಡರು. ಮದುವೆಯಾಗಲಿಲ್ಲ. ತಿರುಚಿನಾಪಳ್ಳಿಯಲ್ಲಿ ಒಂದು ಹಳೆಯ ಕಟ್ಟಡದ ಕಿರುಕೋಣೆಯಲ್ಲಿ ಅನ್ನ ಕಾಯಿಪಲ್ಯಗಳನ್ನು ಉಂಡು, ಕರಿಯ ಬಣ್ಣಹಾಕಿದ ಹತ್ತಿಬಟ್ಟೆಯನ್ನು ಉಟ್ಟು ಬಾಳುತ್ತಿದ್ದರೆಂದು ಕಂಡವರು ಬರೆದಿದ್ದಾರೆ. ಮುಸಲ್ಮಾನ ದರಬಾರಿನವರೊಡನೆ ಮಾತನಾಡಲು ಪಾರಸಿಯನ್ನೂ ಹಿಂದೂಸ್ಥಾನಿಯನ್ನೂ ಕಲಿತರು; ತಂಜಾವೂರಿನ ಅರಸರೊಡನೆ ಮಾತನಾಡಲು ಮರಾಠಿಯನ್ನು ಕಲಿತರು. ಆ ಕಾಲದಲ್ಲಿ ಐರೋಪ್ಯರ ವ್ಯವಹಾರವೆಲ್ಲ ದುಬಾಷಿಗಳ ಮೂಲಕ ನಡೆಯುತ್ತಿತ್ತಷ್ಟೆ. ಧಣಿಯು ಒಂದು ಹೇಳಿದರೆ ದುಬಾಷಿಯು ಇನ್ನೊಂದು ಹೇಳಿ, ನಡುವೆ ತನ್ನ ಲಾಭವನ್ನು ತೆಗೆದಿಟ್ಟುಕೊಳ್ಳುವುದು ಎಲ್ಲರೂ ಬಲ್ಲ ಸಂಗತಿ. ಕೇಳುವವನ ಭಾಷೆಯಲ್ಲಿ ತಾವೇ ನೇರವಾಗಿ ಮಾತನಾಡುವುದು ಷ್ವಾರ್ಟ್ಸರ ಮೊದಲನೆಯ ನಿಯಮವಾಗಿತ್ತು.

ಗವರ್ನರನ ಪ್ರಾರ್ಥನೆಯನ್ನು ಅವರು ಒಡನೆಯೇ ಒಪ್ಪಲಿಲ್ಲ. ರಾಜಕಾರಣವು ತಮ್ಮ ಕೆಲಸವಲ್ಲವೆಂಬ ಅಳುಕು ಅವರಿಗಿತ್ತು. ಬಹಳ ಯೋಚಿಸಿ ಒಪ್ಪಿಕೊಂಡ ಮೇಲೆ ಅದಕ್ಕೆ ಕಾರಣಗಳನ್ನು ತಾವೇ ಬರೆದಿಟ್ಟರು. ಈ ಪ್ರಯಾಣದಲ್ಲಿ ಒಳಸಂಚು ಏನೂ ಇಲ್ಲವೆಂದು ತಮಗೆ ಹೇಳಲಾಗಿತ್ತು. ಶಾಂತಿಯನ್ನು ಕಾಪಾಡುವುದಷ್ಟೇ ಉದ್ದೇಶವೆಂದಿದ್ದರು. ರಕ್ತಪಾತವನ್ನು ತಡೆಯುವುದರಲ್ಲಿ ದೇವರ ಕೈಯ ಉಪಕರಣವಾಗುವ ಅವಕಾಶ ಬಂದಾಗ ಹಿಂಜರಿಯುವುದು ಸರಿಯಲ್ಲವೆಂದು ಅವರಿಗೆ ತೋರಿತು. ದಾರಿಯುದ್ದಕ್ಕೂ ತಮ್ಮ ಧರ್ಮವನ್ನು ಹೇಳುವ ಅವಕಾಶವಿದ್ದುದೂ, ತಮ್ಮ ಕಾರ್ಯಕ್ಕೆ ಕುಂಪಣಿಯು ಹಿಂದೆ ನೆರವಾಗಿದ್ದುದೂ ಇತರ ಕಾರಣಗಳು. ಇವೆಲ್ಲಕ್ಕಿಂತ ಮುಖ್ಯವಾಗಿ ಅವರು ಮಾಡಿಕೊಂಡ ಒಂದು ಸಂಕಲ್ಪವಿದೆ: ಯಾರಿಂದಲೂ ಕಾಣಿಕೆಯನ್ನು ತೆಗೆದುಕೊಳ್ಳದೆ ಕೈಯನ್ನು ಶುದ್ಧವಾಗಿಟ್ಟುಕೊಳ್ಳುವುದು. ರಾಯಭಾರವೆಂದರೆ ಉಡುಗೊರೆ, ಉಡುಗೊರೆಯೆಂದರೆ ಐಶ್ವರ್ಯ ಎಂದಿದ್ದ ಕಾಲ ಅದು. ಭಾರತಕ್ಕೆ ಬಂದ ಐರೋಪ್ಯರು ನಾಲ್ಕೈದು ವರ್ಷಗಳಲ್ಲಿ ಸಿರಿವಂತರಾಗಿ ಹಿಂದಿರುಗುತ್ತಿದ್ದುದನ್ನು ನೆನೆದರೆ ಈ ಸಂಕಲ್ಪದ ಭಾರ ನಮಗೆ ತಿಳಿಯುತ್ತದೆ.

೧೭೭೯ರ ಜುಲೈ ತಿಂಗಳಿನಲ್ಲಿ ಅವರು ತಂಜಾವೂರನ್ನು ಬಿಟ್ಟು ಹೊರಟರು. ಗಡಿಯ ಠಾಣೆಯಾದ ಕರೂರಿನಲ್ಲಿ ಹೈದರನ ಅಪ್ಪಣೆಗಾಗಿ ಬಹುದಿನ ಕಾದಿರಬೇಕಾಯಿತು. ಅಪ್ಪಣೆಯಾದ ಬಳಿಕ ಕೊಯಮತ್ತೂರು ಸತ್ಯಮಂಗಲಗಳ ಮೇಲೆ ಬಂದು, ಘಟ್ಟವನ್ನು ಹತ್ತಿ, ಮೈಸೂರನ್ನು ಹಾದು, ಆಗಸ್ಟಿನ ಕೊನೆಯ ವಾರದಲ್ಲಿ ಶ್ರೀರಂಗಪಟ್ಟಣವನ್ನು ಸೇರಿದರು. ಹಾದಿಯಲ್ಲಿ ಕಂಡುದನ್ನು ಅವರು ನಿಷ್ಪಕ್ಷಪಾತವಾಗಿ ಗುರುತುಮಾಡಿದ್ದಾರೆ. ಹೈದರನ ಸೀಮೆಯಲ್ಲಿ ಸೇತುವೆ ರಸ್ತೆಗಳಿಗೆ ಎಲ್ಲಿ ಜಖಂ ಆದರೂ ತಡಮಾಡದೆ ದುರಸ್ತಿಯಾಗುವುದೆಂದೂ, ಕರ್ನಾಟಕದ ಕೆಳನಾಡಿನಲ್ಲಿ, ಎಂದರೆ ಕುಂಪಣಿಯವರ ಕಡೆ, ಎಲ್ಲವನ್ನೂ ಹಾಳುಬೀಳಲು ಬಿಟ್ಟಿದ್ದಾರೆಂದೂ ಅವರು ಸಂಕೋಚವಿಲ್ಲದೆ ಬರೆದರು. ಎದುರಿನವನಲ್ಲಿರುವ ಗುಣವನ್ನು ಕಂಡು ಒಪ್ಪಿಕೊಳ್ಳಲಾರದವನಿಗೆ ಸಂಧಿಯ ಮಾತಾಡುವ ಅರ್ಹತೆಯಿಲ್ಲ. ಈ ಅರ್ಹತೆಯನ್ನು ಪಾದ್ರಿಗಳು ಹಾದಿಯಲ್ಲಿಯೇ ಸಂಪಾದಿಸಿಕೊಂಡರೆನ್ನಬಹುದು.

ಪಟ್ಟಣದ ಒಳಗೆ ಜ್ವರದ ಬಾಧೆಯಿದ್ದುದರಿಂದ ಅವರಿಗೆ ಕೋಟೆಯ ಹೊರಗಣ ಇಳಿಜಾರಿನಲ್ಲಿ ಡೇರೆಯನ್ನು ಹಾಕಿಕೊಟ್ಟಿದ್ದರು. ಹೈದರನ ಸೈನ್ಯದಲ್ಲಿ ಜರ್ಮನರೂ ಫ್ರೆಂಚರೂ ಇದ್ದರು. ದೂರದೇಶದಲ್ಲಿ ತಮ್ಮ ಭಾಷೆಯಲ್ಲಿ ಪ್ರಾರ್ಥನೆಯನ್ನು ಕೇಳಿ ಎಷ್ಟು ವರ್ಷವಾಗಿತ್ತೋ, ಆ ಜರ್ಮನ್ ಸಿಪಾಯಿಗಳು ಡೇರೆಗೆ ಬಂದು ಕೂಡುತ್ತಿದ್ದರು. ಜರ್ಮನ್ ಭಾಷೆಯಲ್ಲಿಯೂ ತಮಿಳಿನಲ್ಲಿಯೂ ಪ್ರಾರ್ಥನೆ ಬಹಿರಂಗವಾಗಿ ನಡೆಯಿತು, ಯಾರೂ ಅಡ್ಡಿಮಾಡಲಿಲ್ಲ. ಪ್ರಜೆಗಳು ಯಾವ ಮತವನ್ನು ಅನುಸರಿಸಿದರೂ ಹೈದರನಿಗೆ ಅದು ಲಕ್ಷ್ಯಕ್ಕೆ ಬರುವ ವಿಷಯವಲ್ಲವೆಂದು ಪಾದ್ರಿಗಳು ಬರೆದಿದ್ದಾರೆ. ತಂದೆತಾಯಿಯಿಲ್ಲದ ಹುಡುಗರನ್ನು ಹೈದರನು ಅನ್ನಬಟ್ಟೆಯಿತ್ತು ಸಾಕುತ್ತಿದ್ದುದನ್ನೂ, ಅವರಿಗೆ ಮರದ ಬಂದೂಕುಗಳನ್ನು ಕೊಟ್ಟು ಕವಾಯತು ಕಲಿಸುತ್ತಿದ್ದುದನ್ನೂ ನೋಡಿದರು. ಅನಾಥರ ಶಾಲೆಗಾಗಿ ಸದಾ ಚಿಂತಿಸುತ್ತಿದ್ದ ಅವರ ಕಣ್ಣು ಇಂಥದನ್ನು ಬಿಡುತ್ತಿರಲಿಲ್ಲ.

ದರಬಾರಿನಲ್ಲಿ ಹೈದರನು ಅವರನ್ನು ತನ್ನ ಪಕ್ಕದಲ್ಲಿಯೇ ಕುಳ್ಳಿರಿಸಿಕೊಂಡನು. ಅಲ್ಲಿ ಅವರು ಕಂಡ ಹೈದರನ ಚಿತ್ರ ಇಂದಿಗೂ ಚರಿತ್ರಕಾರರಿಗೆ ಬೆಲೆಯುಳ್ಳ ಆಧಾರ. ಹೈದರನು ಓದುಬರಹ ಬಾರದವನು. ಆದರೆ ಜ್ಞಾಪಕಶಕ್ತಿ ಅಸಾಧಾರಣವಾದುದು. ಒಬ್ಬನಿಗೆ ಕಾಗದವನ್ನು ಬರೆಯಹೇಳಿ ಓದಿಸುವನು. ಬಳಿಕ ಮತ್ತೊಬ್ಬನನ್ನು ಕರೆದು ಅದನ್ನೇ ಓದಿಸುವನು. ಒಂದು ಮಾತು ವ್ಯತ್ಯಾಸವಾದರೆ ಬರೆದವನ ತಲೆಗೆ ಅಪಾಯ. ಒಂದು ಕೆಲಸದ ಹಿಂದೆ ಇನ್ನೊಂದು, ನಿಲ್ಲದೆ ಸಾಗುತ್ತಿತ್ತು. ಚಾವಟಿಯ ಆಳುಗಳು ಎಂದಿಗೂ ಬಿಡುವಿಲ್ಲದೆ ಇರುತ್ತಿದ್ದರು. ದೊಡ್ಡವರು ಚಿಕ್ಕವರೆಂಬ ಭೇದ ಆ ಚಾವಟಿಗೆ ಇರಲಿಲ್ಲ. ಇಷ್ಟು ಎಚ್ಚರದ, ಇಷ್ಟು ಕಠಿಣನಾದ, ಬರಹವನ್ನು ಎರಡು ಸಾರಿ ಪರೀಕ್ಷಿಸದೆ ನಂಬದ ದೊರೆಯ ಎದುರಿಗೆ ಪಾದ್ರಿಗಳು ಬರಿಯ ಮಾತನ್ನು ಇಟ್ಟುಕೊಂಡು ಕುಳಿತಿದ್ದರು.

ಆ ಮಾತುಕತೆಯಲ್ಲಿ ಅವರು ಮಾಡಿದ ಮೊದಲನೆಯ ಕೆಲಸ ಕೇಳುವುದು. ಹೈದರನು ಮುಚ್ಚುಮರೆಯಿಲ್ಲದೆ ಮಾತನಾಡಿದನು. ಐರೋಪ್ಯರು ಆಣೆಯಿಟ್ಟು ಮಾಡಿದ ಕರಾರುಗಳನ್ನು ಮುರಿದರು. ಆದರೂ ತಾನು ಅವರೊಡನೆ ಸಮಾಧಾನದಿಂದ ಇರಲು ಸಿದ್ಧನಾಗಿದ್ದೇನೆ. ಆದರೆ ಹೀಗೆ ಹೀಗೆ ನಡೆಯಬೇಕು ಎಂದನು. ಪಾದ್ರಿಗಳು ಕುಂಪಣಿಯ ಪರವಾಗಿ ಹೋದವರು. ಆಪಾದನೆಯನ್ನು ಅಲ್ಲಗಳೆಯಬಹುದಾಗಿತ್ತು, ಹೈದರನ ತಪ್ಪುಗಳನ್ನು ಎತ್ತಿ ಎದುರುಮಾತು ಹೂಡಬಹುದಾಗಿತ್ತು. ಅವರ ಬರಹದಲ್ಲಿ ಅಂಥ ವಾದದ ಸುಳಿವಿಲ್ಲ. ನೊಂದವನ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಂಡರು. ಶಾಂತಿಯಿಂದ ಇಬ್ಬರಿಗೂ ಆಗುವ ಹಿತವನ್ನು ಹೇಳಿದರು. ಕೇಳಿದುದನ್ನು ಹಾಗೆಯೇ ಮದರಾಸಿಗೆ ಮುಟ್ಟಿಸುವೆನೆಂದು ಒಪ್ಪಿಕೊಂಡರು. ಹೈದರನು ಗವರ್ನರನಿಗೆ ಒಂದು ಕಾಗದವನ್ನು ಬರೆಯಿಸಿ, ಅದನ್ನು ಓದಿಸಿ, ನಾವು ಆಡಿದುದರ ಸಂಕ್ಷೇಪ ಮಾತ್ರ ಇದರಲ್ಲಿದೆ, ಉಳಿದುದನ್ನು ನೀವು ಬಾಯಿಯಿಂದ ವಿಸ್ತಾರವಾಗಿ ತಿಳಿಸಬೇಕೆಂದು ಹೇಳಿದನು. ಬರಹವನ್ನೇ ನಂಬದವನು ಬರೆಯದೆ ಬಿಟ್ಟುದನ್ನು ಈ ಮನುಷ್ಯನ ನಾಲಗೆಗೆ ಒಪ್ಪಿಸಿದನು. ಆ ರಾಯಭಾರದ ಪರಮಾವಧಿ ಅದೇ ಎಂದು ನನಗೆ ತೋರುತ್ತದೆ. ಬೀಳ್ಕೊಡುವ ದಿನ ಹೈದರನು, ತನ್ನ ಜನರೊಡನೆ ಆಡಿದಂತೆ ತನ್ನೆದುರಿಗೂ ಪಾರಸಿಯಲ್ಲಿ ಮಾತನಾಡಬೇಕೆಂದು ಕೇಳಿ, ಅದನ್ನು ಸಂತೋಷದಿಂದ ಕೇಳಿದನು.

ಡೇರೆಗೆ ಹಿಂದಿರುಗಿದ ಪಾದ್ರಿಗಳಿಗೆ ದಾರಿಯ ಖರ್ಚಿಗೆಂದು ೩೦೦ ರೂಪಾಯಿಯ ಚೀಲವೊಂದು ಬಂದಿತು. ಹಿಂದಕ್ಕೆ ಕೊಡಲು ನೋಡಿದರು. ಅದು ನವಾಬನಿಗೆ ಅವಮಾನವಾಗುವುದೆಂದು ತಂದವರು ಹೇಳಿದರು. ಕೊನೆಗೆ ಅದನ್ನು ತೆಗೆದುಕೊಂಡು ಹೋಗಿ ಮದರಾಸಿನ ಸರ್ಕಾರದ ಮುಂದಿಟ್ಟರು. ನೀವೇ ಇಟ್ಟುಕೊಳ್ಳಿರೆಂದು ಸರ್ಕಾರದವರು ಹೇಳಿದ ಮೇಲೆ ಆ ಹಣವನ್ನು ತಂಜಾವೂರಿನಲ್ಲಿ ಬಡಮಕ್ಕಳ ಶಾಲೆಯೊಂದಕ್ಕೆ ಮೂಲಧನವಾಗಿ ಕೊಟ್ಟರು. ಹೀಗೆ ಶ್ರೀರಂಗಪಟ್ಟಣದ ಹಣ ತಂಜಾವೂರಿನ ಮಕ್ಕಳ ಅಕ್ಷರಾಭ್ಯಾಸಕ್ಕೆ ಸಂದಿತು.

ಇಷ್ಟಾದರೂ ಯುದ್ಧ ನಿಲ್ಲಲಿಲ್ಲ. ಏಕೆ ನಿಲ್ಲಲಿಲ್ಲವೆಂಬುದನ್ನು ಸ್ವಲ್ಪ ನಿಂತು ನೋಡಬೇಕು. ಪಾದ್ರಿಗಳು ಶಾಂತಿಯ ಮಾತನ್ನು ಹೊತ್ತು ಶ್ರೀರಂಗಪಟ್ಟಣಕ್ಕೆ ಬಂದ ಆ ಮಳೆಗಾಲದಲ್ಲಿಯೇ ಮದರಾಸಿನ ಸರ್ಕಾರವು ನಿಜಾಮನ ತಮ್ಮನಾದ ಬಸಾಲತ್ ಜಂಗನಿಂದ ಗುಂಟೂರನ್ನು ಪಡೆದು, ಅದಕ್ಕೆ ಪ್ರತಿಯಾಗಿ ಅವನ ನೆರವಿಗೆ ಕರ್ನಲ್ ಹಾರ್ಪರನ ಕೈಕೆಳಗೆ ದಂಡನ್ನು ಕಳುಹಿಸಿತು. ಆ ದಂಡಿನ ದಾರಿ ಹೈದರನ ಸೀಮೆಯ ಮೂಲಕ. ಅವನ ಅಪ್ಪಣೆಯನ್ನು ಯಾರೂ ಕೇಳಲಿಲ್ಲ. ಒಂದು ಕಡೆ ಪಾದ್ರಿಯ ಬಾಯಲ್ಲಿ ಸ್ನೇಹ, ಇನ್ನೊಂದು ಕಡೆ ಗಡಿಯಲ್ಲಿ ಸಿಪಾಯಿ! ಆರ್ಕಾಟಿನ ನವಾಬನಿಗೂ ಈ ಸಮಾಧಾನ ಬೇಕಾಗಿರಲಿಲ್ಲ. ತಮ್ಮ ಹೋಗುಬರವು ಶಾಂತಿಯ ಮಾತುಕತೆಗೆ ನಾಂದಿಯಾಗಬಹುದೆಂದು ತಾವು ನಂಬಿದ್ದುದನ್ನೂ, ಮದರಾಸಿನಲ್ಲಿದ್ದ ಆ ನವಾಬನೇ ಅದನ್ನು ಕೆಡಿಸಿದುದನ್ನೂ ಷ್ವಾರ್ಟ್ಸರೇ ವ್ಯಥೆಯಿಂದ ಹೇಳಿದ್ದಾರೆ. ರಂಬೋಲ್ಡನು ೧೭೮೦ರ ಏಪ್ರಿಲಿನಲ್ಲಿ ಹುದ್ದೆಯನ್ನು ಬಿಟ್ಟು ಇಂಗ್ಲೆಂಡಿಗೆ ಹಡಗು ಹತ್ತಿದನು. ಅಷ್ಟರಲ್ಲಿ ಹೈದರನು ಮರಾಠರನ್ನೂ ನಿಜಾಮನನ್ನೂ ತನ್ನ ಕಡೆಗೆ ಮಾಡಿಕೊಂಡಿದ್ದನು. ಜುಲೈ ತಿಂಗಳಿನಲ್ಲಿ ೮೦,೦೦೦ಕ್ಕೂ ಮಿಗಿಲೆಂದು ಎಣಿಸಲಾದ ಸೈನ್ಯದೊಡನೆ ಘಟ್ಟವನ್ನಿಳಿದನು. ಸೆಪ್ಟೆಂಬರ್ ೧೦ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ದಂಡು ನಾಶವಾಯಿತು. ದೂತನು ಎಷ್ಟು ಸತ್ಯವಂತನಾದರೂ ಅವನ ಮಾತಿಗೆ ಕಳುಹಿಸಿದವರ ನಡತೆಯೇ ಬಂಡವಾಳ. ಆ ಬಂಡವಾಳ ಬರಿದಾಗಿದ್ದಲ್ಲಿ ದೂತನು ಏನು ಮಾಡಿಯಾನು?

ಇಲ್ಲಿ ಒಂದು ಆಕ್ಷೇಪಣೆಯನ್ನು ಮರೆಮಾಡುವುದು ನ್ಯಾಯವಲ್ಲ. ರಂಬೋಲ್ಡನು ಪಾದ್ರಿಯನ್ನು ಕಳುಹಿಸಿದುದು ಶಾಂತಿಗಾಗಿ ಅಲ್ಲ, ಹೈದರನ ಮನಸ್ಸನ್ನೂ ಬಲವನ್ನೂ ತಿಳಿಯುವುದಕ್ಕಾಗಿ ಎಂದು ಸಂದೇಹಪಟ್ಟವರುಂಟು. ಪಾದ್ರಿಗಳು ಬರೆದ ವೃತ್ತಾಂತದಲ್ಲಿ ದರಬಾರು, ಸೈನ್ಯ, ಕೋಟೆಗಳ ವಿಷಯವೂ ಇರುವುದರಿಂದ ಆ ಸಂದೇಹಕ್ಕೆ ಎಡೆಯಿಲ್ಲದಿಲ್ಲ. ಅವರು ಪಕ್ಷವೇ ಇಲ್ಲದ ಮುನಿಗಳಾಗಿದ್ದರೆಂದೂ ಹೇಳಲಾಗದು. ೧೭೮೩ರ ಕೊನೆಯಲ್ಲಿ ಕರ್ನಲ್ ಫುಲ್ಲಾರ್ಟನನು ಗೆದ್ದ ಸ್ಥಳಗಳನ್ನು ಬಿಟ್ಟುಕೊಡುವಂತೆ ಅಪ್ಪಣೆಯಾದಾಗ, ಸಂಧಿಯ ಮಾತು ಮುಗಿಯುವ ಮುಂಚೆಯೇ ಎಲ್ಲವನ್ನೂ ಬಿಡುವುದುಂಟೆ ಎಂದು ಕೇಳಿದವರು ಇವರೇ. ಆದರೆ ಒಂದು ಭೇದವನ್ನು ಗಮನಿಸಬೇಕು. ಕಳುಹಿಸಿದವನ ಉದ್ದೇಶ ಬೇರೆ, ಹೋದವನ ನಡತೆ ಬೇರೆ. ಹೋದವನು ಹೈದರನ ಎದುರಿಗೆ ಸುಳ್ಳನ್ನಾಡಲಿಲ್ಲ. ಹೈದರನ ದೂರನ್ನು ಮದರಾಸಿನಲ್ಲಿ ಸಿಹಿಮಾಡಿ ಹೇಳಲಿಲ್ಲ. ಎರಡು ಕಡೆಯಲ್ಲಿಯೂ ತನಗಾಗಿ ಏನನ್ನೂ ಬೇಡಲಿಲ್ಲ. ತನ್ನನ್ನು ಯಾರೋ ಉಪಯೋಗಿಸಿಕೊಳ್ಳಬಹುದೆಂಬ ಅಪಾಯವನ್ನು ಹೊರದೆ ಯಾವ ಸಂಧಿಕಾರನೂ ಎರಡು ಬೀಡುಗಳ ನಡುವೆ ನಡೆಯಲಾರನು.

ಈ ಭೇದವನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವನು ಹೈದರಾಲಿಯೇ. ಯುದ್ಧವು ಉರಿಯುತ್ತಿದ್ದಾಗ, ಊರುಗಳು ಹಾಳಾಗುತ್ತಿದ್ದಾಗ, ಅವನು ತನ್ನ ಸರದಾರರಿಗೆ ಒಂದು ಆಜ್ಞೆಯನ್ನು ಕೊಟ್ಟನೆಂದು ಪ್ರಸಿದ್ಧವಾಗಿದೆ: ಆ ಪಾದ್ರಿಯನ್ನು ಎಲ್ಲಿಯೂ ತಡೆಯಬಾರದು, ಗೌರವದಿಂದ ಕಾಣಬೇಕು, ಆತನು ಪುಣ್ಯಪುರುಷನು, ನಮ್ಮ ಸರ್ಕಾರಕ್ಕೆ ಕೇಡನ್ನು ಬಯಸುವವನಲ್ಲ. ಕುಂಪಣಿಯ ದೂತನಾಗಿ ಬಂದು ವಿಫಲನಾದವನಿಗೆ ಕುಂಪಣಿಯ ಶತ್ರುವು ಕೊಟ್ಟ ರಹದಾರಿ ಇದು.

ಇದಕ್ಕಿಂತಲೂ ದೊಡ್ಡದು ತಂಜಾವೂರಿನಲ್ಲಿ ನಡೆದ ಸಂಗತಿ. ದಂಡಿನ ಹಾವಳಿಯಿಂದ ಹೊಲಗಳು ಬೀಳುಬಿದ್ದು, ಜನರು ಕೋಟೆಯೊಳಕ್ಕೆ ಓಡಿಬಂದು, ಬೀದಿಬೀದಿಯಲ್ಲಿ ಹಸಿವಿನಿಂದ ಸಾಯುತ್ತಿದ್ದರು. ಕೋಟೆಯ ಕಾವಲಿನವರಿಗೂ ಅನ್ನವಿರಲಿಲ್ಲ. ಹಳ್ಳಿಗಳಲ್ಲಿ ಧಾನ್ಯವಿತ್ತು, ಹೊತ್ತುತರಲು ಎತ್ತುಗಳಿರಲಿಲ್ಲ. ಎತ್ತುಗಳೂ ಹಳ್ಳಿಗಳಲ್ಲಿದ್ದವು, ರೈತರು ಕೊಡಲೊಲ್ಲರು. ಹಿಂದೆ ಕೊಟ್ಟಾಗ ಕ್ರಯವು ಬಂದಿರಲಿಲ್ಲ. ಅರಸನು ಮಾತುಕೊಟ್ಟನು, ನಂಬಲಿಲ್ಲ. ಕುಂಪಣಿಯವರು ಮಾತುಕೊಟ್ಟರು, ನಂಬಲಿಲ್ಲ. ಕೊನೆಗೆ ಷ್ವಾರ್ಟ್ಸರನ್ನು ಕೇಳಿಕೊಂಡರು. ಅವರು ಹಳ್ಳಿಗಳಿಗೆ ಕಾಗದಗಳನ್ನು ಬರೆದು, ಕ್ರಯಕ್ಕೆ ತಾವೇ ಹೊಣೆಯೆಂದು ತಿಳಿಸಿದರು. ಒಂದೆರಡು ದಿನಗಳಲ್ಲಿ ಸಾವಿರದಷ್ಟು ಎತ್ತುಗಳು ಬಂದು ನಿಂತವು. ಸ್ವಲ್ಪ ಕಾಲದಲ್ಲಿಯೇ ೮೦,೦೦೦ ಕಲಂ ಧಾನ್ಯ ಕೋಟೆಯನ್ನು ಸೇರಿತು. ಅವರು ಕೊಟ್ಟ ಮಾತಿನಂತೆ ಕ್ರಯವೂ ಸಂದಾಯವಾಯಿತು. ಯುದ್ಧಕ್ಕೆ ಮುಂಚೆಯೇ ಅವರು ದೂರಾಲೋಚನೆಯಿಂದ ಕೊಂಡಿಟ್ಟಿದ್ದ ಅಕ್ಕಿಯಿಂದ ದಿನದಿನವೂ ಬಡವರಿಗೆ ಗಂಜಿ ಹಂಚುವ ಏರ್ಪಾಡೂ ನಡೆದಿತ್ತು.

ಈ ಎರಡು ಸಂಗತಿಗಳನ್ನು ಒಟ್ಟಿಗೆ ನೋಡಬೇಕೆಂದು ಕೇಳುಗರಲ್ಲಿ ನನ್ನ ಬಿನ್ನಹ. ಶ್ರೀರಂಗಪಟ್ಟಣದಲ್ಲಿ ಒಬ್ಬ ನವಾಬನು ಯಾವ ನಾಲಗೆಯನ್ನು ನಂಬಿದನೋ ತಂಜಾವೂರಿನ ರೈತನೂ ಅದನ್ನೇ ನಂಬಿದನು. ದೊರೆಗೂ ರೈತನಿಗೂ ಪಾದ್ರಿಯ ಮತದಲ್ಲಿ ನಂಬಿಕೆಯಿರಲಿಲ್ಲ, ಮಾತಿನಲ್ಲಿ ನಂಬಿಕೆಯಿತ್ತು. ಆ ನಂಬಿಕೆ ಒಂದು ದಿನದಲ್ಲಿ ಬಂದುದಲ್ಲ. ಮೂವತ್ತು ವರ್ಷಗಳ ಕಾಲ ಚಿಕ್ಕಚಿಕ್ಕ ವ್ಯವಹಾರಗಳಲ್ಲಿ ಆಡಿದುದನ್ನು ನಡೆಸಿ, ನಡೆಸಲಾರದುದನ್ನು ಆಡದೆ ಇದ್ದುದರ ಫಲ. ಅದು ಯುದ್ಧವನ್ನು ತಡೆಯುವಷ್ಟು ದೊಡ್ಡದಾಗಲಿಲ್ಲ, ನಿಜ. ಆದರೆ ಯುದ್ಧದ ನಡುವೆ ಒಂದು ಊರಿನ ಪ್ರಾಣವನ್ನು ಉಳಿಸುವಷ್ಟು ದೊಡ್ಡದಾಯಿತು. ಸಂಧಿಯ ಮಾತಿನ ಬೆಲೆಯನ್ನು ಸಂಧಿಪತ್ರದಿಂದ ಮಾತ್ರವೇ ಅಳೆಯಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಾಗಿಲ್ಲ.

ಹೈದರನು ೧೭೮೨ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿಯ ಬೀಡಿನಲ್ಲಿ ತೀರಿಕೊಂಡನು. ಮರುವರ್ಷ ಟೀಪುವಿನೊಡನೆ ಮಾತುಕತೆಯಾಗಬೇಕಾದಾಗ ಮದರಾಸಿನವರು ಮತ್ತೆ ಷ್ವಾರ್ಟ್ಸರನ್ನೇ ಕರೆದರು. ವಯಸ್ಸಾಗಿದ್ದರೂ ಹೊರಟರು, ಆದರೆ ಸತ್ಯಮಂಗಲದ ಕಡೆಯಲ್ಲಿ ಟೀಪುವಿನ ಅಧಿಕಾರಿಗಳು ಅವರನ್ನು ಮುಂದಕ್ಕೆ ಬಿಡಲಿಲ್ಲ, ಹಿಂದಿರುಗಬೇಕಾಯಿತು. ೧೭೮೪ರ ಮಾರ್ಚಿ ೧೧ರಂದು ಮಂಗಳೂರಿನಲ್ಲಿ ಆದ ಸಂಧಿಯಲ್ಲಿ ಅವರ ಪಾತ್ರವಿಲ್ಲ. ಈ ಒಬ್ಬ ಮನುಷ್ಯನ ಜ್ಞಾನವೂ ಪ್ರಾಮಾಣಿಕತೆಯೂ ಐರೋಪ್ಯರ ಹೆಸರಿಗೆ ಅಂಟಿದ ಕಳಂಕವನ್ನು ತೊಳೆದವೆಂದು ಫುಲ್ಲಾರ್ಟನನಂಥ ಸೇನಾಪತಿಯೇ ಬರೆದನು. ಹೊಗಳಿಕೆಯ ಒಳಗೆ ತಮ್ಮವರ ಮೇಲಿನ ದೂರೂ ಅಡಗಿದೆಯೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಷ್ವಾರ್ಟ್ಸರ ಈ ನಡತೆಗೆ ಮೂಲ ಎಲ್ಲಿಯದು? ಅವರನ್ನು ಕೇಳಿದ್ದರೆ ಕ್ರಿಸ್ತನ ಗಿರಿಪ್ರವಚನವನ್ನು ತೋರಿಸುತ್ತಿದ್ದರು. ಅಲ್ಲಿ ಧನ್ಯರೆಂದು ಎಣಿಸಿರುವವರಲ್ಲಿ ಸಮಾಧಾನವನ್ನು ಉಂಟುಮಾಡುವವರು ಸೇರಿದ್ದಾರೆ. ಗಮನಿಸಬೇಕಾದ ಅಂಶವೇನೆಂದರೆ ಅಲ್ಲಿ ಹೇಳಿರುವುದು ಸುಮ್ಮನಿರುವವರ ವಿಷಯವಲ್ಲ. ಜಗಳದಿಂದ ದೂರ ಸರಿದು ಬಾಗಿಲು ಹಾಕಿಕೊಳ್ಳುವುದು ಸುಲಭ. ಜಗಳವಾಡುವವರ ನಡುವೆ ಹೋಗಿ ಕುಳಿತು ಮಾತನಾಡುವುದು ಕಷ್ಟ. ನಮ್ಮ ಗೀತೆಯ ೧೭ನೆಯ ಅಧ್ಯಾಯದಲ್ಲಿಯೂ ತಪಸ್ಸನ್ನು ಮೂರು ಬಗೆಯಾಗಿ ವಿಂಗಡಿಸುವಾಗ ವಾಕ್ಕಿನ ತಪಸ್ಸನ್ನು ಪ್ರತ್ಯೇಕವಾಗಿ ಹೇಳಿದೆ. ಕೇಳಿದವನಿಗೆ ಕಳವಳ ಹುಟ್ಟದಂತೆ, ಆದರೂ ಸತ್ಯವು ಕುಂದದಂತೆ, ಹಿತವಾಗಿಯೂ ಪ್ರಿಯವಾಗಿಯೂ ಮಾತನಾಡುವುದೆಂದರೆ ಕಾಡಿನಲ್ಲಿ ಕುಳಿತು ಮಾಡುವ ತಪಸ್ಸಿಗೆ ಕಡಮೆಯಲ್ಲವೆಂಬುದು ಅದರ ಭಾವ. ಮಾತು ಬಲ್ಲವನಿಗೆ ಜಗಳವಿಲ್ಲವೆಂದು ನಮ್ಮ ಹಳ್ಳಿಯವರೂ ಹೇಳುತ್ತಾರೆ. ಮಾತು ಬಲ್ಲವನೆಂದರೆ ಮಾತಿನ ಮಲ್ಲನಲ್ಲ. ಯಾವ ಮಾತನ್ನು ಯಾವಾಗ, ಎಷ್ಟು, ಯಾವ ದನಿಯಲ್ಲಿ ಆಡಬೇಕೆಂದು ಬಲ್ಲವನು.

ಷ್ವಾರ್ಟ್ಸರು ೧೭೯೮ರ ಫೆಬ್ರವರಿ ೧೩ರಂದು ತಂಜಾವೂರಿನಲ್ಲಿ ಕಾಲವಾದರು. ಅಲ್ಲಿನ ಕೋಟೆಯ ಚರ್ಚಿನಲ್ಲಿ ಶಿಲ್ಪಿ ಜಾನ್ ಫ್ಲಾಕ್ಸ್‌ಮನ್ನನು ಕೆತ್ತಿದ ಅಮೃತಶಿಲೆಯ ಸ್ಮಾರಕವಿದೆ. ಮರಣಶಯ್ಯೆಯಲ್ಲಿರುವ ಪಾದ್ರಿಯ ಕೈಯನ್ನು ಶರಭೋಜಿ ಮಹಾರಾಜನು ಹಿಡಿದುಕೊಂಡಿರುವಂತೆ ಅದರಲ್ಲಿ ಚಿತ್ರಿಸಿದೆ. ಬಾಲ್ಯದಲ್ಲಿ ಷ್ವಾರ್ಟ್ಸರ ಪೋಷಣೆಯಲ್ಲಿದ್ದ ಈ ಅರಸನು ಕ್ರೈಸ್ತನಾಗಲಿಲ್ಲ. ತನ್ನ ಕುಲದ ಧರ್ಮದಲ್ಲಿಯೇ ಉಳಿದನು. ಆದರೂ ತನ್ನ ಗುರುವಿಗಾಗಿ ಆ ಸ್ಮಾರಕವನ್ನು ಮಾಡಿಸಿದನು, ಇಂಗ್ಲಿಷಿನಲ್ಲಿ ಪದ್ಯವನ್ನೂ ತಾನೇ ರಚಿಸಿದನು. ಮತವು ಬೇರೆಯಾಗಿದ್ದರೂ ಮನಸ್ಸು ಕೂಡಬಹುದೆಂಬುದಕ್ಕೆ ಆ ಶಿಲೆಯೇ ಸಾಕ್ಷಿ.

ನಮ್ಮ ಶ್ರೀರಂಗಪಟ್ಟಣದಲ್ಲಿ ಪಾದ್ರಿಯ ಡೇರೆಯಿದ್ದ ಇಳಿಜಾರನ್ನು ಗುರುತಿಸುವ ಕಲ್ಲೊಂದನ್ನೂ ನಾನು ಕಂಡಿಲ್ಲ. ಯುದ್ಧಗಳಿಗೆ ಕಂಬಗಳಿವೆ, ಬುರುಜ್ಞಗಳಿಗೆ ಹೆಸರುಗಳಿವೆ. ಯುದ್ಧವಾಗದಿರಲೆಂದು ಇಬ್ಬರು ಕುಳಿತು ಮಾತನಾಡಿದ ಜಾಗಕ್ಕೆ ಹೆಸರಿಲ್ಲ. ಆದರೂ ಮುಂದಿನ ಸಾರಿ ಅಲ್ಲಿಗೆ ಹೋದಾಗ ಕೋಟೆಯ ಗೋಡೆಯ ಕೆಳಗೆ ಒಂದು ಗಳಿಗೆ ನಿಲ್ಲಿರಿ. ಒಬ್ಬನು ಓದುಬಾರದ ಮಹಾವೀರ, ಇನ್ನೊಬ್ಬನು ಆಯುಧವಿಲ್ಲದ ಪರದೇಶಿ. ಇಬ್ಬರೂ ಒಂದೇ ಹಾಸಿನ ಮೇಲೆ ಕುಳಿತು, ಒಬ್ಬರ ಮಾತನ್ನು ಇನ್ನೊಬ್ಬರು ಕೊನೆಯವರೆಗೂ ಕೇಳಿದರು. ರಾಜ್ಯಗಳ ಜಗಳ ನಮ್ಮ ಕೈಯಲ್ಲಿಲ್ಲದಿರಬಹುದು. ಮನೆಯ ಜಗಲಿಯಲ್ಲಿ, ಕಛೇರಿಯಲ್ಲಿ, ಬೀದಿಯ ನಲ್ಲಿಯ ಬಳಿಯಲ್ಲಿ ಹುಟ್ಟುವ ಜಗಳಗಳು ನಮ್ಮ ಕೈಯಲ್ಲಿವೆ. ಅಲ್ಲಿ ಎದುರಿನವರ ದೂರನ್ನು ಪೂರ್ತಿ ಕೇಳಿ, ಅದನ್ನು ಕೂಡಿಸದೆ ಕಳೆಯದೆ ಇನ್ನೊಬ್ಬರಿಗೆ ಮುಟ್ಟಿಸಬಲ್ಲವರು ಒಬ್ಬರಿದ್ದರೂ ಆ ಬೀದಿ ಪುಣ್ಯಮಾಡಿದ ಬೀದಿ. ಹನುಮಂತನ ಹೆಸರನ್ನು ಹೊತ್ತ ನಗರದಲ್ಲಿ ಅಂಥವರಿಗೆ ಕೊರತೆಯಾಗದಿರಲಿ.